ಮಂಗಳೂರು–ದುಬೈ: ದೂರವೆಷ್ಟು, ಹೊತ್ತೆಷ್ಟು?

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದರು. ಶಾಲೆಯ ಆರಂಭದ ದಿನಗಳ ಕಥೆಯನ್ನು ಬರೆಯುವುದೋ, ಅಗಲಿದ ಸಹೋದ್ಯೋಗಿಗಳನ್ನು ನೆನೆಯುವುದೋ ಎಂದು ಯೋಚಿಸಿದೆ. ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಧ್ಯಾಪಕ ತರಬೇತಿ ಪಡೆದು, ಮೂವತ್ತು ವರ್ಷ ಗಣಿತ ಮತ್ತು ಭೂಗೋಲಗಳನ್ನು ಕಲಿಸಿದವನು. ಆದ್ದರಿಂದ ಒಂದು ಪಾಠವನ್ನೇ ಬರೆದುಕೊಡುತ್ತೇನೆಂದೆ. "ಯಾವ ಪಾಠ ಸರ್?" ಎಂದರು. "ಎರಡು ಗಡಿಯಾರದ ಪಾಠ" ಎಂದೆ. ಬಂದವರಲ್ಲಿ ಇಬ್ಬರು ನನ್ನ ಹಳೆ ವಿದ್ಯಾರ್ಥಿಗಳು. ಅವರು ಮುಖ ಮುಖ ನೋಡಿಕೊಂಡು ನಕ್ಕರು.

1990ರ ಅನಂತರ ನನ್ನ ಏಳನೆಯ ತರಗತಿಯಲ್ಲಿ ಕುಳಿತವರಿಗೆ ಆ ಗಡಿಯಾರಗಳು ನೆನಪಿರಬಹುದು. ಕರಿಹಲಗೆಯ ಮೇಲೆ ರಟ್ಟಿನಿಂದ ಮಾಡಿದ ಎರಡು ಗಡಿಯಾರಗಳನ್ನು ತೂಗುಹಾಕಿದ್ದೆ. ಒಂದರ ಕೆಳಗೆ 'ಊರು' ಎಂದೂ ಇನ್ನೊಂದರ ಕೆಳಗೆ 'ದುಬೈ' ಎಂದೂ ಬರೆದಿತ್ತು. ದಿನವೂ ಒಬ್ಬ ಹುಡುಗನೋ ಹುಡುಗಿಯೋ ಎದ್ದು ಬಂದು ಅವುಗಳ ಮುಳ್ಳುಗಳನ್ನು ಸರಿಪಡಿಸಬೇಕಿತ್ತು. ಇದರಿಂದ ನನಗೆ 'ಎರಡು ಗಡಿಯಾರದ ಮಾಸ್ಟ್ರು' ಎಂಬ ಹೆಸರೂ ಬಂದಿತ್ತು. ಆದರೆ ಅವುಗಳನ್ನು ಯಾಕೆ ತೂಗುಹಾಕಿದೆನೆಂಬುದನ್ನು ನಾನು ಯಾವ ತರಗತಿಗೂ ಹೇಳಿರಲಿಲ್ಲ. ಈ ಲೇಖನದಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಪಾಠ.

ದೂರ ಎಂದರೆ ಯಾವ ದೂರ?

ನಮ್ಮ ಕಾಸರಗೋಡಿನ ಕಡೆ ಗಲ್ಫಿಗೆ ಒಬ್ಬರಾದರೂ ಹೋಗದ ಮನೆ ಅಪರೂಪ. ನಾನು ಚಿಕ್ಕವನಿದ್ದಾಗ ಕೆಲವರು ಹಾಯಿಹಡಗುಗಳಲ್ಲಿ ಅರಬ್ಬಿ ಸಮುದ್ರ ದಾಟಿ ಹೋದ ಸುದ್ದಿ ಕೇಳುತ್ತಿದ್ದೆವು. ಅನಂತರ ಬಸ್ಸಿನಲ್ಲಿ ಮುಂಬಯಿ ತಲುಪಿ ಅಲ್ಲಿಂದ ವಿಮಾನ ಹತ್ತುವ ಕಾಲ ಬಂತು. 1951ರ ಡಿಸೆಂಬರ್ 25ರಂದು ಪಂಡಿತ್ ನೆಹರೂ ಅವರು ಬಂದಿಳಿದು ಆರಂಭಗೊಂಡ ಬಜ್ಪೆಯ ವಿಮಾನ ನಿಲ್ದಾಣದಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿದ್ದು 2006ರ ಅಕ್ಟೋಬರದಲ್ಲಿ. ಅದೇ ವರ್ಷ ಅಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದಿತ್ತು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಂಗಳೂರಿಗೂ ದುಬೈಗೂ ಎಷ್ಟು ದೂರ? ಮಾರ್ಗದ ದೂರವನ್ನು ಮೈಲಿಗಲ್ಲು ಹೇಳುತ್ತದೆ. ಕಡಲಿನ ಮೇಲಣ ಆಕಾಶದಲ್ಲಿ ಮೈಲಿಗಲ್ಲು ಇಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೆಂದು ಪುಸ್ತಕಗಳು ಕೊಡುವುದು ಭೂಮಿಯ ಮೈಮೇಲೆ ಆ ಎರಡು ಬಿಂದುಗಳನ್ನು ಸೇರಿಸುವ ಅತ್ಯಂತ ಚಿಕ್ಕ ದಾರಿಯನ್ನು. ಒಂದು ಮೂಸಂಬಿಯ ಮೇಲೆ ಎರಡು ಚುಕ್ಕೆಗಳನ್ನಿಟ್ಟು ಅವುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಹಿಡಿಯುವ ದಾರಿಯೇ ಅದು. ಆ ದಾರದ ಗೆರೆಯಲ್ಲೇ ಕತ್ತಿ ಹಾಯಿಸಿ ನಡುಮಧ್ಯದ ಮೂಲಕ ಕತ್ತರಿಸಿದರೆ ಹಣ್ಣು ಎರಡು ಸಮಭಾಗವಾಗುತ್ತದೆ. ಹಾಗೆ ಗೋಲವನ್ನು ಸರಿಯಾಗಿ ಎರಡಾಗಿಸುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಭೂಮಧ್ಯರೇಖೆ ಒಂದು ಮಹಾವೃತ್ತ. ಧ್ರುವದಿಂದ ಧ್ರುವಕ್ಕೆ ಹೋಗುವ ಒಂದು ರೇಖಾಂಶವೂ ಅದರ ಎದುರುಬದಿಯ ರೇಖಾಂಶವೂ ಕೂಡಿದರೆ ಇನ್ನೊಂದು ಮಹಾವೃತ್ತ.

ಹತ್ತನೆಯ ತರಗತಿಯ ಗಣಿತ ಸಾಕು

ಈ ದೂರವನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗಳಿಗೆ ಹಂಚಿದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಬರುತ್ತದೆ. ಇದು ಆಕಸ್ಮಿಕವಲ್ಲ. ಫ್ರೆಂಚರು ಮೀಟರನ್ನು ಮೊದಲು ನಿಶ್ಚಯಿಸಿದಾಗ ಭೂಮಧ್ಯರೇಖೆಯಿಂದ ಉತ್ತರಧ್ರುವಕ್ಕೆ ಇರುವ ದೂರವೇ 10,000 ಕಿ.ಮೀ. ಆಗುವಂತೆ ಅದನ್ನು ರೂಪಿಸಿದ್ದರು.

ಇನ್ನು ನಮ್ಮ ಎರಡು ನಿಲ್ದಾಣಗಳು. ಮಂಗಳೂರು ನಿಲ್ದಾಣ ಉತ್ತರ ಅಕ್ಷಾಂಶ 12.96, ಪೂರ್ವ ರೇಖಾಂಶ 74.9 ಡಿಗ್ರಿಯಲ್ಲಿದೆ. ದುಬೈ ನಿಲ್ದಾಣ ಉತ್ತರ ಅಕ್ಷಾಂಶ 25.25, ಪೂರ್ವ ರೇಖಾಂಶ 55.4 ಡಿಗ್ರಿಯಲ್ಲಿದೆ.

ಅಕ್ಷಾಂಶಗಳ ವ್ಯತ್ಯಾಸ 12.3 ಡಿಗ್ರಿ ಎಂದು ಹಿಡಿಯೋಣ. ಅದನ್ನು 111ರಿಂದ ಗುಣಿಸಿದರೆ 1,365 ಕಿ.ಮೀ. ಅಂದರೆ ದುಬೈ ನಮಗಿಂತ ಅಷ್ಟು ಉತ್ತರಕ್ಕಿದೆ.

ರೇಖಾಂಶಗಳ ವ್ಯತ್ಯಾಸ 19.5 ಡಿಗ್ರಿ. ಇಲ್ಲಿ ಎಚ್ಚರಿಕೆ ಬೇಕು. ರೇಖಾಂಶಗಳು ಧ್ರುವಗಳತ್ತ ಸಾಗಿದಂತೆ ಕಿತ್ತಳೆಯ ತೊಳೆಗಳ ಹಾಗೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ಪೂರ್ವಪಶ್ಚಿಮವಾಗಿ ಒಂದು ಡಿಗ್ರಿಗೆ 111 ಕಿ.ಮೀ. ಎಂಬುದು ಭೂಮಧ್ಯರೇಖೆಯಲ್ಲಿ ಮಾತ್ರ ಸರಿ. ಬೇರೆಡೆ ಆ ಸ್ಥಳದ ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು. ಮಂಗಳೂರಿಗೂ ದುಬೈಗೂ ನಡುವಣ ಅಕ್ಷಾಂಶ ಸುಮಾರು 19.1 ಡಿಗ್ರಿ. ಅದರ ಕೊಸೈನು 0.945. ಹೀಗೆ ಒಂದು ಡಿಗ್ರಿಗೆ ಸುಮಾರು 105 ಕಿ.ಮೀ. ಸಿಗುತ್ತದೆ, 19.5 ಡಿಗ್ರಿಗೆ ಸುಮಾರು 2,047 ಕಿ.ಮೀ. ದುಬೈ ನಮಗಿಂತ ಅಷ್ಟು ಪಶ್ಚಿಮಕ್ಕಿದೆ.

ಉತ್ತರಕ್ಕೆ ಒಂದು ಭುಜ, ಪಶ್ಚಿಮಕ್ಕೆ ಒಂದು ಭುಜ, ನಡುವೆ ಲಂಬಕೋನ. ಇನ್ನು ನಾವೆಲ್ಲರೂ ಬಾಯಿಪಾಠ ಮಾಡಿದ ಪೈಥಾಗೊರಸನ ಪ್ರಮೇಯ. 1,365ರ ವರ್ಗ 18,63,225. 2,047ರ ವರ್ಗ 41,90,209. ಕೂಡಿದರೆ 60,53,434. ಇದರ ವರ್ಗಮೂಲ ಸುಮಾರು 2,460.

ಗೋಲದ ತ್ರಿಕೋನಮಿತಿಯನ್ನು ಬಳಸಿ ಶಾಸ್ತ್ರೀಯವಾಗಿ ಮಾಡಿದರೂ ಭೂಕೇಂದ್ರದಲ್ಲಿ 22.1 ಡಿಗ್ರಿಯ ಕೋನ, ಸುಮಾರು 2,460 ಕಿ.ಮೀ. ದೂರ ಎಂದೇ ಉತ್ತರ ಬರುತ್ತದೆ. ಇನ್ನು ಆ ರನ್‌ವೇಯ ಉದ್ದವನ್ನು ನೆನಪಿಸಿಕೊಳ್ಳಿ. ಬಜ್ಪೆಯ ರನ್‌ವೇಯಂತಹ ಸುಮಾರು ಸಾವಿರ ರನ್‌ವೇಗಳನ್ನು ಸಾಲಾಗಿ ಇಟ್ಟರೆ ದುಬೈ ಮುಟ್ಟುತ್ತದೆ.

ಹಿಂದೆ ಒಬ್ಬ ಹುಡುಗ ಕೇಳಿದ್ದ: "ಸರ್, ವಿಮಾನ ನೆಲದ ಮೇಲೆ ಹೋಗುವುದಿಲ್ಲವಲ್ಲ, ಎತ್ತರದಲ್ಲಿ ಹಾರಿದರೆ ವೃತ್ತ ದೊಡ್ಡದಾಗುವುದಿಲ್ಲವೇ?" ಒಳ್ಳೆಯ ಪ್ರಶ್ನೆ. ವಿಮಾನ ಹಾರುವುದು ಸುಮಾರು ಹತ್ತೂವರೆ ಕಿ.ಮೀ. ಎತ್ತರದಲ್ಲಿ. ಭೂಮಿಯ ತ್ರಿಜ್ಯ 6,371 ಕಿ.ಮೀ. ಇರುವಾಗ ಆ ಹತ್ತೂವರೆ ಕಿ.ಮೀ. ಯಾವ ಲೆಕ್ಕ? ದುಬೈಗೆ ಹೋಗುವಾಗ ಅದರಿಂದ ಹೆಚ್ಚಾಗುವುದು ಸುಮಾರು 4 ಕಿ.ಮೀ. ಮಾತ್ರ.

ಚಪ್ಪಟೆ ಭೂಪಟವನ್ನು ನಂಬಬೇಡಿ

ಮೇಲಿನ ಸುಲಭ ಲೆಕ್ಕ ಎರಡು ಮೂರು ಸಾವಿರ ಕಿ.ಮೀ.ಗಳ ವರೆಗೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ದೂರವಾದರೆ ಭೂಮಿ ತನ್ನ ಗುಂಡಗಿನ ಗುಣವನ್ನು ತೋರಿಸತೊಡಗುತ್ತದೆ. ನಮ್ಮ ಹಳೆ ವಿದ್ಯಾರ್ಥಿಗಳ ಮಕ್ಕಳಲ್ಲಿ ಕೆಲವರು ಈಗ ಅಮೆರಿಕದಲ್ಲಿರುವುದರಿಂದ ಬೆಂಗಳೂರು–ಸಾನ್ ಫ್ರಾನ್ಸಿಸ್ಕೋ ದೂರವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಪೈಥಾಗೊರಸನನ್ನೇ ನೆಚ್ಚಿದರೆ ಸುಮಾರು 16,200 ಕಿ.ಮೀ. ಬರುತ್ತದೆ. ನಿಜವಾದ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ. ಮಾತ್ರ. ಗೋಡೆಯ ಭೂಪಟದಲ್ಲಿ ಸ್ಕೇಲು ಇಟ್ಟು ನೋಡಿದವನಿಗೆ ದಾರಿ ಶಾಂತಸಾಗರದ ನಡುವೆ ಪೂರ್ವಕ್ಕೆ ಹೋಗುವಂತೆ ಕಾಣುತ್ತದೆ. ಭೂಗೋಲದ ಉಂಡೆಯ ಮೇಲೆ ದಾರ ಎಳೆದವನಿಗೆ ಅದು ಉತ್ತರಧ್ರುವದ ಕಡೆಗೆ ಬಾಗಿ ಹಾದುಹೋಗುವುದು ಕಾಣುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲರ ನೇತೃತ್ವದಲ್ಲಿ ಮಹಿಳಾ ಚಾಲಕರೇ ನಡೆಸಿದ ಏರ್ ಇಂಡಿಯಾ ವಿಮಾನ ಈ ಧ್ರುವಮಾರ್ಗದಲ್ಲೇ ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂತು. 9ರ ರಾತ್ರಿ ಹೊರಟ ವಿಮಾನ ಇಳಿದದ್ದು 11ರ ನಸುಕಿನಲ್ಲಿ. ಹಾಗೆಂದು ಅದು ಮೂವತ್ತು ಗಂಟೆ ಹಾರಿತೆಂದು ತಿಳಿಯಬಾರದು. ಹಾರಿದ್ದು ಸುಮಾರು ಹದಿನೇಳು ಗಂಟೆ. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರಗಳ ನಡುವಣ ಅಂತರ. ಆ ವಿಷಯಕ್ಕೆ ಬರುವ ಮೊದಲು ವೇಗದ ಮಾತು.

ವೇಗವೂ ಗಾಳಿಯೂ

ನಮ್ಮ ಕಡೆಯಿಂದ ಗಲ್ಫಿಗೆ ಹೋಗುವ ಬೋಯಿಂಗ್ 737 ಜಾತಿಯ ವಿಮಾನ ಮೇಲೇರಿದ ಅನಂತರ ಗಂಟೆಗೆ ಸುಮಾರು 840 ಕಿ.ಮೀ. ವೇಗದಲ್ಲಿ ಸಾಗುತ್ತದೆ. 2,460ನ್ನು 840ರಿಂದ ಭಾಗಿಸಿದರೆ 2 ಗಂಟೆ 56 ನಿಮಿಷ. ಆದರೆ ವಿಮಾನ ನಿಂತಲ್ಲಿಂದಲೇ ಆ ವೇಗವನ್ನು ಪಡೆಯುವುದಿಲ್ಲ. ರನ್‌ವೇಯ ತುದಿಗೆ ಸಾಗುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವಾಗ ನಿಧಾನಿಸುವುದು, ನಿಗದಿತ ವಾಯುಮಾರ್ಗದ ತಿರುವುಗಳು ಇವಕ್ಕೆಲ್ಲ ಅರ್ಧ ಗಂಟೆ ಸೇರಿಸಿ. ಒಟ್ಟು ಸುಮಾರು ಮೂರೂವರೆ ಗಂಟೆ. ವೇಳಾಪಟ್ಟಿಯಲ್ಲಿ ಅಚ್ಚು ಮಾಡುವುದು ಬರಿಯ ಹಾರಾಟದ ಹೊತ್ತನ್ನಲ್ಲ. ಇಲ್ಲಿ ನಿಂತಲ್ಲಿಂದ ಕದಲಿದ ಗಳಿಗೆಯಿಂದ ಅಲ್ಲಿ ಬಂದು ನಿಲ್ಲುವ ಗಳಿಗೆಯ ತನಕದ ಹೊತ್ತನ್ನು.

ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಆಗಿರುವುದಿಲ್ಲ. ಕಾರಣ ಗಾಳಿ. ಚಳಿಗಾಲದಲ್ಲಿ ಅರೇಬಿಯಾ ಮತ್ತು ಉತ್ತರ ಭಾರತದ ಮೇಲೆ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಯೇ ಹರಿಯುತ್ತದೆ. ಅದನ್ನು ಜೆಟ್ ಪ್ರವಾಹ ಎನ್ನುತ್ತಾರೆ. ಆಗ ದುಬೈಗೆ ಹೋಗುವವರಿಗೆ ಎದುರುಗಾಳಿ, ಊರಿಗೆ ಬರುವವರಿಗೆ ಬೆನ್ನಗಾಳಿ. ಮಳೆಗಾಲದಲ್ಲಿ ಇದಕ್ಕೆ ಭಿನ್ನವಾಗಿ ದಕ್ಷಿಣ ಭಾರತದ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಪ್ರವಾಹ ಬೀಸುತ್ತದೆ. ಈ ಪೂರ್ವದ ಜೆಟ್ ಪ್ರವಾಹದ ಕುರಿತು 1958ರಲ್ಲಿ ಪ್ರಸಿದ್ಧ ಪ್ರಬಂಧ ಬರೆದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು.

ಇದು ನಾವು ಚಂದ್ರಗಿರಿ ಹೊಳೆಯ ದೋಣಿಯನ್ನಿಟ್ಟುಕೊಂಡು ಮಾಡುತ್ತಿದ್ದ ಲೆಕ್ಕವೇ. ಗಂಟೆಗೆ 60 ಕಿ.ಮೀ. ಗಾಳಿಯಿದೆ ಎಂದು ಭಾವಿಸೋಣ. ಎದುರುಗಾಳಿಯಲ್ಲಿ ವೇಗ 780, ಹಾರಾಟ 3 ಗಂಟೆ 9 ನಿಮಿಷ. ಬೆನ್ನಗಾಳಿಯಲ್ಲಿ ವೇಗ 900, ಹಾರಾಟ 2 ಗಂಟೆ 44 ನಿಮಿಷ. ವ್ಯತ್ಯಾಸ 25 ನಿಮಿಷ. ಇಲ್ಲಿ ಜಾಣರಾದ ಮಕ್ಕಳಿಗೊಂದು ಸ್ವಾರಸ್ಯವಿದೆ. ಹೋಗಿಬರುವ ಒಟ್ಟು ಹೊತ್ತು 5 ಗಂಟೆ 53 ನಿಮಿಷ. ಗಾಳಿಯೇ ಇಲ್ಲದಿದ್ದರೆ 5 ಗಂಟೆ 51 ನಿಮಿಷ. ಅಂದರೆ ಹೋಗುವಾಗ ಗಾಳಿ ಕಿತ್ತುಕೊಂಡ ಹೊತ್ತನ್ನು ಬರುವಾಗ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ನಿಧಾನವಾಗಿ ಸಾಗುವ ಹೊತ್ತೇ ಹೆಚ್ಚಾದ್ದರಿಂದ ಎದುರುಗಾಳಿಯ ಕೈಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ.

ಎರಡು ಗಡಿಯಾರಗಳು

ನೆರೆಮನೆಯ ಅಜ್ಜಿಯೊಬ್ಬರು ಮಗನ ಮನೆಗೆ ದುಬೈಗೆ ಹೋಗಿಬಂದ ಮೇಲೆ ನನ್ನನ್ನು ಕೇಳಿದರು: "ಮಾಸ್ಟ್ರೇ, ಹೋಗುವಾಗ ಎರಡೇ ಗಂಟೆ, ಬರುವಾಗ ಐದು ಗಂಟೆ. ಬರುವಾಗ ಸುತ್ತುಬಳಸಿ ತಂದರೋ ಏನೋ?" ಅವರು ತಮ್ಮ ಕಣ್ಣಿನಿಂದ ಗಡಿಯಾರ ನೋಡಿಯೇ ಹೇಳಿದ್ದರು. ಬೆಳಿಗ್ಗೆ 9ಕ್ಕೆ ಹೊರಟದ್ದು, ಅಲ್ಲಿ ಇಳಿದಾಗ ಗೋಡೆಯ ಗಡಿಯಾರದಲ್ಲಿ 11. ಬರುವಾಗ ಮಧ್ಯಾಹ್ನ 12ಕ್ಕೆ ಹೊರಟದ್ದು, ಇಲ್ಲಿ ಇಳಿದಾಗ ಪೌಣೇ ಐದು. ಅಜ್ಜಿಯ ಕಣ್ಣು ಸರಿಯಾಗಿಯೇ ಇತ್ತು. ಗಡಿಯಾರಗಳು ಎರಡು ಎಂಬುದು ಅವರಿಗೆ ತಿಳಿದಿರಲಿಲ್ಲ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. 1906ರ ಜನವರಿ 1ರಿಂದ ಭಾರತದ ಪ್ರಮಾಣ ಸಮಯ 82½ ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ. ಗ್ರೀನಿಚ್ಚಿಗಿಂತ ಅದು ಐದೂವರೆ ಗಂಟೆ ಮುಂದೆ. ದುಬೈಯ ಸಮಯ 60 ಡಿಗ್ರಿ ರೇಖಾಂಶದ್ದು, ಗ್ರೀನಿಚ್ಚಿಗಿಂತ ನಾಲ್ಕು ಗಂಟೆ ಮುಂದೆ. ಆದ್ದರಿಂದ ನಮ್ಮ ಗಡಿಯಾರ ಅವರಿಗಿಂತ ಒಂದೂವರೆ ಗಂಟೆ ಮುಂದಿರುತ್ತದೆ. ಅಮೆರಿಕದ ಹಾಗೆ ಬೇಸಿಗೆಗೊಮ್ಮೆ ಚಳಿಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಎರಡೂ ಕಡೆ ಇಲ್ಲದಿರುವುದರಿಂದ ಈ ಒಂದೂವರೆ ಗಂಟೆ ವರ್ಷವಿಡೀ ಬದಲಾಗುವುದಿಲ್ಲ.

ಸೂರ್ಯನನ್ನು ಕೇಳಿದರೆ ಅವನು ಇನ್ನೊಂದು ಲೆಕ್ಕ ಹೇಳುತ್ತಾನೆ. ಮಂಗಳೂರಿಗೂ ದುಬೈಗೂ 19.5 ಡಿಗ್ರಿ, ನಾಲ್ಕರಿಂದ ಗುಣಿಸಿದರೆ 78 ನಿಮಿಷ. ನಮ್ಮ ನೆತ್ತಿಯ ನೇರ ದಾಟಿದ ಸೂರ್ಯ ದುಬೈಯವರ ನೆತ್ತಿಯ ನೇರ ಬರುವುದು 78 ನಿಮಿಷದ ಅನಂತರ. ಗಡಿಯಾರಗಳ ಅಂತರ ಮಾತ್ರ 90 ನಿಮಿಷ. ಉಳಿದ 12 ನಿಮಿಷವನ್ನು ಮನುಷ್ಯರು ತಮ್ಮ ಅನುಕೂಲಕ್ಕಾಗಿ ಸೇರಿಸಿಕೊಂಡದ್ದು.

ನನ್ನ ತಪ್ಪು

ಇನ್ನು ಗಡಿಯಾರಗಳನ್ನು ತೂಗುಹಾಕಿದ ಕಾರಣ.

ನನ್ನ ತಮ್ಮ ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಅವನಿಗೆ ಭೂಗೋಲ ಕಲಿಸಿದವನು ನಾನೇ. 1985ರಲ್ಲಿ ಅವನು ದುಬೈಗೆ ಹೋಗಿ ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. 1989ರ ಡಿಸೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ನಮ್ಮ ತಾಯಿ ತೀರಿಕೊಂಡರು. ಪೇಟೆಯ ಅಂಗಡಿಯೊಂದರ ಫೋನಿನಿಂದ ತಮ್ಮನಿಗೆ ಸುದ್ದಿ ಮುಟ್ಟಿಸಿದೆವು. ಸಂಜೆ ನಾಲ್ಕಕ್ಕೆ ಅವನ ಕರೆ ಬಂತು. "ಅಣ್ಣಾ, ರಾತ್ರಿ ಕಳೆದು ಮೂರು ಗಂಟೆಗೆ ಮುಂಬಯಿಗೆ ವಿಮಾನ. ಅಲ್ಲಿಂದ ಮಂಗಳೂರಿಗೆ ಟಿಕೆಟು ಮಾಡಿಸಿ" ಎಂದ. ಇಲ್ಲಿ ಹಣ ಕಟ್ಟಿದರೆ ಮುಂಬಯಿಯಲ್ಲಿ ಟಿಕೆಟು ಸಿಗುವ ವ್ಯವಸ್ಥೆ ಆಗ ಇತ್ತು. ಮಂಗಳೂರಿನಲ್ಲಿದ್ದ ಬಂಧುವೊಬ್ಬರು ವಿಚಾರಿಸಿ, ಮರುದಿನ ಎರಡು ವಿಮಾನಗಳಿವೆ, ಬೆಳಿಗ್ಗೆ ಎಂಟೂಕಾಲರದ್ದು ಒಂದು, ಮಧ್ಯಾಹ್ನದ್ದು ಒಂದು, ಎರಡರಲ್ಲೂ ಸ್ಥಳವಿದೆ, ಯಾವುದು ಬೇಕು ಎಂದು ಕೇಳಿದರು.

ನಾನು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಮೂರು ಗಂಟೆಗೆ ಹೊರಟರೆ, ದುಬೈ–ಮುಂಬಯಿ ಹಾರಾಟ ಎರಡೂಮುಕ್ಕಾಲು ಗಂಟೆ, 5.45. ದುಬೈ ಪಶ್ಚಿಮಕ್ಕಿದೆ, ಪಶ್ಚಿಮಕ್ಕೆ ಕಳೆಯಬೇಕು. ಒಂದೂವರೆ ಗಂಟೆ ಕಳೆದೆ, 4.15. ಇಳಿದು ನಾಲ್ಕು ಗಂಟೆ ಬಿಡುವಿದೆ. ಬೆಳಗಿನ ವಿಮಾನವೇ ಸಾಕು, ಮಧ್ಯಾಹ್ನದ್ದು ಬೇಡ ಎಂದು ಹೇಳಿ ಕಳುಹಿಸಿದೆ.

ಕೂಡಬೇಕಾದಲ್ಲಿ ಕಳೆದಿದ್ದೆ. ವಿಮಾನ ಮುಂಬಯಿಯಲ್ಲಿ ಇಳಿಯಬೇಕಾದದ್ದು ನಮ್ಮ ಸಮಯ 7.15ಕ್ಕೆ. ಆ ದಿನ ಅದು ಕೆಲವು ನಿಮಿಷ ಮೊದಲೇ ಇಳಿಯಿತಂತೆ. ಡಿಸೆಂಬರಿನ ಬೆನ್ನಗಾಳಿ ಅವನನ್ನು ಮನೆಯತ್ತ ತಳ್ಳಿತ್ತು. ಅಣ್ಣನ ಲೆಕ್ಕ ಅವನ ಕಾಲು ಹಿಡಿಯಿತು. ಪಾಸ್‌ಪೋರ್ಟಿನ ಸಾಲು, ಸುಂಕದ ಸಾಲು, ಅಲ್ಲಿಂದ ದೇಶೀಯ ನಿಲ್ದಾಣಕ್ಕೆ ಓಟ. ತಲುಪುವಾಗ ಬಾಗಿಲು ಮುಚ್ಚಿತ್ತು. ಮಧ್ಯಾಹ್ನದ ವಿಮಾನದಲ್ಲಿ ಆಗ ಸ್ಥಳ ಉಳಿದಿರಲಿಲ್ಲ. ಅವನು ಬಸ್ಸು ಹಿಡಿದ.

ಅಂಗಡಿಗೆ ಅವನ ಫೋನು ಬಂದಾಗ ಅಂಗಳದಲ್ಲಿ ಜನ ಕಾದು ಕುಳಿತಿದ್ದರು. ಹಿರಿಯರು, ಇನ್ನು ಇಡಬಾರದು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿರಿಯ ಮಗನಾಗಿ ನಾನು ಬೆಂಕಿಯಿಟ್ಟೆ. ಮರುದಿನ ಸಂಜೆ ತಮ್ಮ ಬಂದಾಗ ಅಮ್ಮನ ಮುಖವಿರಲಿಲ್ಲ, ಬೂದಿಯಿತ್ತು.

ಅಂದು ರಾತ್ರಿಯೇ ಆ ಹಾಳೆಯನ್ನು ಅವನ ಮುಂದಿಟ್ಟೆ. ಅವನು ದೀಪದ ಬಳಿಗೆ ಹಿಡಿದು ನೋಡಿದ. ಆಮೇಲೆ, "ಅಣ್ಣಾ, ಕ್ಲಾಸಿನಲ್ಲಿ ನೀವು ಸರಿಯಾಗಿಯೇ ಕಲಿಸಿದ್ದಿರಿ. ನಾನು ಊರಿನ ಸಮಯದಲ್ಲೇ ಹೇಳಬೇಕಿತ್ತು" ಎಂದ. ಆ ಬಳಿಕ ಈ ವಿಷಯವನ್ನು ಅವನು ಎತ್ತಿಲ್ಲ.

ಬೇಸಗೆ ರಜೆ ಮುಗಿದು ಶಾಲೆ ತೆರೆದಾಗ ನಾನು ರಟ್ಟು ಕತ್ತರಿಸಿ ಎರಡು ಗಡಿಯಾರ ಮಾಡಿದೆ. ಅದುವರೆಗೆ ನಾನು ಮಕ್ಕಳಿಗೆ 'ಪೂರ್ವಕ್ಕೆ ಕೂಡು, ಪಶ್ಚಿಮಕ್ಕೆ ಕಳೆ' ಎಂದು ಕಲಿಸುತ್ತಿದ್ದೆ. ಸೂತ್ರ ಸುಳ್ಳಲ್ಲ. ಆದರೆ ದುಃಖದ ಹೊತ್ತಿನಲ್ಲಿ ಮನುಷ್ಯ ಊರು ಯಾವ ದಿಕ್ಕಿನಲ್ಲಿದೆ ಎಂದು ನೋಡುತ್ತಾನೆ, ಪ್ರಯಾಣ ಯಾವ ದಿಕ್ಕಿಗೆ ಎಂದು ನೋಡುವುದಿಲ್ಲ. ಆದ್ದರಿಂದ ಸೂತ್ರವನ್ನು ಬಿಟ್ಟು ಬೇರೆ ಕ್ರಮ ಕಲಿಸಿದೆ. ಹೊರಡುವ ಗಳಿಗೆಯನ್ನು ಮೊದಲು ತಲುಪುವ ಊರಿನ ಗಡಿಯಾರಕ್ಕೆ ತನ್ನಿ. ದುಬೈಯಲ್ಲಿ ಮೂರು ಗಂಟೆಯಾದಾಗ ನಮ್ಮ ಗೋಡೆಯಲ್ಲಿ ನಾಲ್ಕೂವರೆ. ಆಮೇಲೆ ಪ್ರಯಾಣದ ಹೊತ್ತನ್ನು ಕೂಡಿ: ಏಳೂಕಾಲು. ಹೀಗೆ ಮಾಡಿದರೆ ತಪ್ಪಲು ಎಡೆಯಿಲ್ಲ.

ಮನೆಯಿಂದ ಮನೆಗೆ

ನಿಲ್ದಾಣದಿಂದ ನಿಲ್ದಾಣಕ್ಕೆ ದೂರ ಲೆಕ್ಕ ಹಾಕಿದರೆ ಪಾಠ ಮುಗಿಯುವುದಿಲ್ಲ. ಯಾರೂ ನಿಲ್ದಾಣದಲ್ಲಿ ವಾಸಿಸುವುದಿಲ್ಲ. ನಮ್ಮಲ್ಲಿಂದ ಬಜ್ಪೆಗೆ ಮಾರ್ಗದಲ್ಲಿ ಸುಮಾರು 60 ಕಿ.ಮೀ.; ಪೇಟೆಯ ವಾಹನಗಳ ನಡುವೆ ಎರಡು ಗಂಟೆ ಬೇಕು. ವಿಮಾನಕ್ಕೆ ಮೂರು ಗಂಟೆ ಮೊದಲೇ ಹೋಗಿರಬೇಕು. ಇಳಿದ ಮೇಲೆ ಇನ್ನೊಂದು ಗಂಟೆ. ಮೂರೂವರೆ ಗಂಟೆಯ ಹಾರಾಟಕ್ಕೆ ಮನೆಯಿಂದ ಮನೆಗೆ ಒಂಬತ್ತು ಹತ್ತು ಗಂಟೆ ಹಿಡಿಯಬೇಕು.

2018ರ ಡಿಸೆಂಬರ್ 9ರಂದು ಕಣ್ಣೂರಿನಲ್ಲೂ ವಿಮಾನ ನಿಲ್ದಾಣ ಆರಂಭವಾಯಿತು. ಯಾವುದು ಹತ್ತಿರ ಎಂದು ಜನ ಕೇಳುತ್ತಾರೆ. ಮೇಲಿನ ಕ್ರಮದಲ್ಲೇ ಲೆಕ್ಕ ಮಾಡಿ ನೋಡಿ. ಕಣ್ಣೂರಿನಿಂದ ದುಬೈಗೆ ಸುಮಾರು 2,590 ಕಿ.ಮೀ. ಮಂಗಳೂರಿಗಿಂತ 130 ಕಿ.ಮೀ. ಹೆಚ್ಚು. ಆಕಾಶದಲ್ಲಿ ಅದು ಒಂಬತ್ತು ನಿಮಿಷದ ಮಾತು. ನೆಲದ ಮೇಲೆ ಅದರ ಅರ್ಧ ದೂರಕ್ಕೂ ಒಂದೂವರೆ ಗಂಟೆ ಬೇಕು. ಆದ್ದರಿಂದ ನಿಲ್ದಾಣವನ್ನು ಆರಿಸುವಾಗ ಆಕಾಶದ ದೂರಕ್ಕಿಂತ ಮಾರ್ಗದ ದೂರವನ್ನೇ ನೋಡುವುದು ಜಾಣತನ.

ಕೊನೆಯ ಮೈಲಿ ಎಷ್ಟು ದೀರ್ಘವಾಗಬಹುದೆಂಬುದನ್ನು ನಮ್ಮ ಊರುಗಳು ಎರಡು ಬಾರಿ ಕಂಡಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ, ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಬಜ್ಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅವರಲ್ಲಿ ಕಾಸರಗೋಡಿನ ಕಡೆಯವರೂ ಅನೇಕರಿದ್ದರು. ಸಾವಿರ ರನ್‌ವೇಗಳಷ್ಟು ದೂರವನ್ನು ಕ್ರಮಿಸಿ ಬಂದವರಿಗೆ ಕೊನೆಯ ಒಂದು ರನ್‌ವೇ ಸಾಲದಾಯಿತು. ಅವರ ಆತ್ಮಗಳಿಗೆ ಈ ಸಂದರ್ಭದಲ್ಲಿ ನನ್ನ ನಮನ.

ಎರಡನೆಯದು 2020. ಮಾರ್ಚ್ ತಿಂಗಳ ಕೊನೆಯ ವಾರಗಳಲ್ಲಿ ಕೋವಿಡ್ ರೋಗದ ಕಾರಣದಿಂದ ವಿದೇಶದ ವಿಮಾನಗಳು ನಿಂತುವು. ತಲಪಾಡಿಯಲ್ಲಿ ಮಾರ್ಗವೂ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳ ತನಕ ಹೋಯಿತು. ದುಬೈಯಲ್ಲಿ ಸಿಲುಕಿದವರನ್ನು ಹೊತ್ತ ಮೊದಲ ವಿಮಾನ ಮಂಗಳೂರಿಗೆ ಬಂದದ್ದು ಮೇ 12ರಂದು. ಆ ದಿನಗಳಲ್ಲೂ ದೂರ 2,460 ಕಿ.ಮೀ.ಯೇ ಆಗಿತ್ತು. ದೂರವನ್ನು ಭೂಮಿ ನಿರ್ಣಯಿಸುತ್ತದೆ. ಹೊತ್ತನ್ನು ನಿರ್ಣಯಿಸುವವರಲ್ಲಿ ಗಾಳಿಯೂ ಗಡಿಯೂ ಮನುಷ್ಯರೂ ಸೇರಿದ್ದಾರೆ.

ಮನೆಪಾಠ

ಗಲ್ಫಿಗೆ ಹೋಗುವ ಮಕ್ಕಳಿಗೆ ಕನ್ನಡ ಮಾಧ್ಯಮದಿಂದೇನು ಪ್ರಯೋಜನವೆಂದು ಎಷ್ಟೋ ಹೆತ್ತವರು ಪ್ರವೇಶದ ದಿನ ನನ್ನನ್ನು ಕೇಳಿದ್ದಾರೆ. ಅಕ್ಷಾಂಶ, ರೇಖಾಂಶ, ಮಹಾವೃತ್ತ ಎಂಬ ಶಬ್ದಗಳನ್ನು ನಾನು ಕನ್ನಡದಲ್ಲೇ ಕಲಿತೆ, ಕನ್ನಡದಲ್ಲೇ ಕಲಿಸಿದೆ. ಆ ಶಬ್ದಗಳಿಂದ ಮಾಡಿದ ಲೆಕ್ಕ ದುಬೈಯಲ್ಲೂ ಸರಿಯಾಗಿಯೇ ಬರುತ್ತದೆ. ನಾನು ಮಾಡಿದ ತಪ್ಪು ಭಾಷೆಯದ್ದಲ್ಲ, ಅವಸರದ್ದು.

ಹಳೆ ವಿದ್ಯಾರ್ಥಿಗಳೇ, ಶಾಲೆ ಬಿಟ್ಟು ಎಷ್ಟು ವರ್ಷವಾದರೂ ನನ್ನ ಕೈಯಿಂದ ಮನೆಪಾಠವಿಲ್ಲದೆ ನಿಮಗೆ ಬಿಡುಗಡೆಯಿಲ್ಲ. ಈ ಲೆಕ್ಕವನ್ನು ನಿಮ್ಮ ಮಕ್ಕಳಿಂದ ಮಾಡಿಸಿ. ಮಗ ದುಬೈಯಿಂದ ಅಲ್ಲಿಯ ಸಮಯ ರಾತ್ರಿ 11.40ಕ್ಕೆ ಹೊರಡುತ್ತಾನೆ. ಬೆನ್ನಗಾಳಿಯಿದೆ, ಪ್ರಯಾಣ 3 ಗಂಟೆ 15 ನಿಮಿಷ. ನಿಲ್ದಾಣದಿಂದ ಹೊರಬರಲು ಒಂದು ಗಂಟೆ, ಮನೆಗೆ ಎರಡು ಗಂಟೆ. ತಾಯಿ ಎಷ್ಟು ಗಂಟೆಗೆ ದೋಸೆಯ ಕಾವಲಿ ಇಡಬೇಕು?

ಮೊದಲು ಊರಿನ ಗಡಿಯಾರ: 1.10. ಇಳಿಯುವುದು 4.25. ಮನೆಯ ಅಂಗಳ 7.25. ಏಳೂಕಾಲಿಗೆ ಕಾವಲಿ ಇಟ್ಟರೆ ಸಾಕು.

ನನ್ನ ತಮ್ಮ ನಿವೃತ್ತನಾಗಿ ಊರಿಗೆ ಬಂದು ಕೆಲವು ವರ್ಷಗಳಾದವು. ಈ ಲೇಖನದ ಕೈಬರಹವನ್ನು ಸಮಿತಿಗೆ ಕೊಡುವ ಮೊದಲು ಅವನಿಗೆ ಓದಲು ಕೊಟ್ಟೆ. ಅವನು ಪೆನ್ಸಿಲು ತೆಗೆದುಕೊಂಡು ಎಲ್ಲ ಲೆಕ್ಕಗಳನ್ನೂ ಮೊದಲಿನಿಂದ ಮಾಡಿ ನೋಡಿದ. ಸರಿಯಿವೆ ಎಂದ. ಅನಂತರವೇ ಸಮಿತಿಗೆ ಒಪ್ಪಿಸಿದ್ದೇನೆ.

ನಮ್ಮ ಶಾಲೆ ನೂರು ವರ್ಷ ಬಾಳಲಿ. ದೂರ ಹೋದ ಮಕ್ಕಳೆಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರಲಿ.